ಕಡಿಮೆ ಹಣದಲ್ಲಿ ಪ್ಯಾರಾಮೋಟರ್: ಮಲೆನಾಡಿನವರು ಎಲ್ಲಿಂದ ಆರಂಭಿಸಬೇಕು?

ಪ್ಯಾರಾಮೋಟರ್ ಹಾರಾಟಕ್ಕೆ ಎಷ್ಟು ಹಣ ಬೇಕು ಎಂದು ಕೇಳುವವರು ಬಹಳ ಮಂದಿ. ಇರುವ ಅಲ್ಪಸ್ವಲ್ಪ ಹಣವನ್ನು ಯಾವುದಕ್ಕೆ ಮೊದಲು, ಯಾವುದಕ್ಕೆ ಕೊನೆಗೆ ಹಾಕಬೇಕು ಎಂದು ಕೇಳುವವರು ಕಡಿಮೆ. ಎರಡನೆಯ ಪ್ರಶ್ನೆಯೇ ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಸಕ್ತಿ ಹುಟ್ಟಿದವರು ಸಾಮಾನ್ಯವಾಗಿ ಎಂಜಿನ್ನಿನಿಂದ ಶುರು ಮಾಡುತ್ತಾರೆ. ಯಾವ ಕಂಪನಿಯದು, ಎಷ್ಟು ಸಿಸಿ, ಸೆಕೆಂಡ್ ಹ್ಯಾಂಡ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ಎಂಜಿನ್ನಿಗೆ ಕೈಯಲ್ಲಿದ್ದದ್ದನ್ನೆಲ್ಲ ಸುರಿದ ಮೇಲೆ ತರಬೇತಿಗೆ ಹಣ ಉಳಿಯುವುದಿಲ್ಲ, ರೆಕ್ಕೆಗೆ ಸಿಕ್ಕಿದ್ದೇ ಸಾಕು ಎನಿಸುತ್ತದೆ. ಹಣ ಕಡಿಮೆ ಇರುವವರು ಹಿಡಿಯಬೇಕಾದ ದಾರಿ ಇದಕ್ಕೆ ತೀರ ತಿರುಗುಮುರುಗು: ಮೊದಲು ತರಬೇತಿ, ಆಮೇಲೆ ರೆಕ್ಕೆ, ಎಲ್ಲಕ್ಕಿಂತ ಕೊನೆಗೆ ಎಂಜಿನ್. ಹೀಗೇಕೆ ಎಂಬುದು ಅರ್ಥವಾಗಬೇಕಾದರೆ ಈ ಯಂತ್ರ ಹಾರುವುದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಪ್ಯಾರಾಮೋಟರ್ ಎಂದರೆ ಪ್ಯಾರಾಗ್ಲೈಡರ್ ರೆಕ್ಕೆಯ ಜೊತೆಗೆ ಬೆನ್ನಿಗೆ ಕಟ್ಟಿಕೊಂಡ ಒಂದು ಸಣ್ಣ ಎಂಜಿನ್. ರೆಕ್ಕೆಯಲ್ಲಿ ಗಟ್ಟಿ ವಸ್ತುವೆಂಬುದು ಹೆಚ್ಚುಕಡಿಮೆ ಏನೂ ಇಲ್ಲ. ಮೇಲೊಂದು ಕೆಳಗೊಂದು ನೈಲಾನ್ ಬಟ್ಟೆಯ ಪದರ, ನಡುವೆ ಸಾಲುಸಾಲಾಗಿ ಗೂಡುಗಳು, ಗೂಡುಗಳ ಬಾಯಿ ಮುಂಭಾಗದಲ್ಲಿ ತೆರೆದಿರುತ್ತದೆ. ಮುಂದಕ್ಕೆ ಚಲಿಸುವಾಗ ಆ ಬಾಯಿಗಳಿಂದ ಗಾಳಿ ಒಳನುಗ್ಗಿ, ಒಳಗಿನ ಒತ್ತಡದಿಂದಲೇ ಬಟ್ಟೆ ರೆಕ್ಕೆಯ ಆಕಾರ ತಾಳುತ್ತದೆ. ಅದರಿಂದ ಇಳಿಬಿದ್ದ ಹತ್ತಾರು ತೆಳು ದಾರಗಳು ರೈಸರ್ ಎಂಬ ಪಟ್ಟಿಗಳಿಗೆ ಸೇರುತ್ತವೆ, ರೈಸರ್‌ಗಳು ಹಾರಾಟಗಾರ ಕುಳಿತುಕೊಳ್ಳುವ ಹಾರ್ನೆಸ್ಸಿಗೆ ಸೇರುತ್ತವೆ. ಎಡಬಲದ ಬ್ರೇಕ್ ಹಿಡಿಕೆಗಳಿಂದ ತಿರುಗುವುದು, ನಿಧಾನಿಸುವುದು. ಒಂದು ಕೈಯಲ್ಲಿ ಥ್ರಾಟಲ್. ಬೆನ್ನಿನ ಮೇಲಿರುವುದು ಪೆಟ್ರೋಲ್ ಮತ್ತು ಆಯಿಲ್ ಬೆರೆಸಿ ಹಾಕುವ ಟೂ ಸ್ಟ್ರೋಕ್ ಎಂಜಿನ್, ಅದಕ್ಕೆ ಜೋಡಿಸಿದ ಪ್ರೊಪೆಲರ್, ಪ್ರೊಪೆಲರಿನ ಸುತ್ತ ಬಲೆ ಕಟ್ಟಿದ ಕೇಜ್. ಇದೆಲ್ಲ ಸೇರಿ 20ರಿಂದ 30 ಕೆಜಿ ತೂಗುತ್ತದೆ. ಓಡಿ ಏರುವುದೂ ಸ್ವಂತ ಕಾಲಿನ ಮೇಲೆ, ಬಂದು ಇಳಿಯುವುದೂ ಸ್ವಂತ ಕಾಲಿನ ಮೇಲೆ. ರನ್‌ವೇ ಬೇಡ, ಹ್ಯಾಂಗರ್ ಬೇಡ, ಮಡಿಸಿದರೆ ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ. ಎಂಜಿನ್ ಇರುವ ವೈಮಾನಿಕ ಸಾಧನಗಳಲ್ಲೆಲ್ಲ ಇದು ಅಗ್ಗವಾದದ್ದು ಈ ಕಾರಣಕ್ಕೇ.

ಹೊಸಬರಿಗೆ ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಥ್ರಾಟಲ್ ಒತ್ತಿದರೆ ಈ ವಾಹನ ವೇಗವಾಗಿ ಹೋಗುವುದಿಲ್ಲ, ಮೇಲಕ್ಕೆ ಏರುತ್ತದೆ. ರೆಕ್ಕೆಯ ವೇಗವನ್ನು ನಿರ್ಧರಿಸುವುದು ಅದರ ವಿನ್ಯಾಸ ಮತ್ತು ಅದಕ್ಕೆ ತೂಗುಬಿದ್ದಿರುವ ತೂಕ. ಹೊಸಬರ ರೆಕ್ಕೆಗಳು ಗಾಳಿಯಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತವೆ. ಎಂಜಿನ್ ಆರಿದರೂ ಅದೇ ವೇಗ, ಎಂಜಿನ್ ಆರ್ಭಟಿಸಿದರೂ ಹೆಚ್ಚುಕಡಿಮೆ ಅದೇ ವೇಗ. ಎದುರುಗಾಳಿ ಗಂಟೆಗೆ 25 ಕಿಲೋಮೀಟರ್ ಇದ್ದರೆ ನೆಲದ ಮೇಲೆ ಸಾಗುವುದು 15 ಕಿಲೋಮೀಟರ್ ವೇಗದಲ್ಲಿ ಮಾತ್ರ. ಗಾಳಿ ಬೆನ್ನಿಗಿದ್ದಾಗ 10 ಕಿಲೋಮೀಟರ್ ದೂರವನ್ನು 9 ನಿಮಿಷದಲ್ಲಿ ಕ್ರಮಿಸಿದವನಿಗೆ ಅಷ್ಟೇ ದೂರ ಹಿಂದಿರುಗಲು 40 ನಿಮಿಷ ಬೇಕಾಗುತ್ತದೆ, ಟ್ಯಾಂಕಿನಲ್ಲಿ ಅಷ್ಟು ಪೆಟ್ರೋಲ್ ಇಲ್ಲದಿರಬಹುದು. ಆದ್ದರಿಂದಲೇ ಮೊದಲು ಗಾಳಿಗೆ ಎದುರಾಗಿ ಹೋಗಿ, ಗಾಳಿಯ ಜೊತೆಗೆ ಹಿಂದಿರುಗಬೇಕೆಂಬ ನಿಯಮವಿದೆ. ದೊಡ್ಡ ಎಂಜಿನ್ ಕೊಂಡವನಿಗೂ ಈ ಲೆಕ್ಕದಿಂದ ವಿನಾಯಿತಿ ಇಲ್ಲ.

ಹಾಗಾದರೆ ಎಂಜಿನ್ ಎಷ್ಟು ಶಕ್ತಿಯದಾಗಿರಬೇಕು? ಇಲ್ಲಿ ಒಂದು ಸರಳ ಗಣಿತವಿದೆ. 65 ಕೆಜಿ ತೂಗುವ ವ್ಯಕ್ತಿ, ಉಡುಪು, ಹೆಲ್ಮೆಟ್, ರಿಸರ್ವ್ ಪ್ಯಾರಾಚೂಟ್ (ರೆಕ್ಕೆ ಕೈಕೊಟ್ಟಾಗ ಬಿಚ್ಚುವ ಆಪತ್ಕಾಲದ ಪ್ಯಾರಾಚೂಟ್) ಸೇರಿ 6 ಕೆಜಿ, ರೆಕ್ಕೆ 5 ಕೆಜಿ, ಎಂಜಿನ್ ಘಟಕ 24 ಕೆಜಿ, 6 ಲೀಟರ್ ಪೆಟ್ರೋಲಿನ ತೂಕ ನಾಲ್ಕೂವರೆ ಕೆಜಿ. ಒಟ್ಟು ಸುಮಾರು 105 ಕೆಜಿ. ಎಂಜಿನ್ ಇಲ್ಲದೆ ಈ ರೆಕ್ಕೆ ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ ಆರೂವರೆ ಮೀಟರ್ ಮುಂದೆ ಸಾಗುತ್ತದೆ ಎಂದುಕೊಂಡರೆ, ಎತ್ತರ ಕಳೆದುಕೊಳ್ಳದೆ ಸಮನಾಗಿ ಹಾರಲು ಬೇಕಾದ ತಳ್ಳುಬಲ 105ನ್ನು ಆರೂವರೆಯಿಂದ ಭಾಗಿಸಿದಷ್ಟು, ಅಂದರೆ 16 ಕೆಜಿ. ಅದಕ್ಕಿಂತ ಹೆಚ್ಚಾದದ್ದೆಲ್ಲ ಏರುವುದಕ್ಕೆ ಒದಗುತ್ತದೆ. ನೆಲದ ಮೇಲೆ ನಿಲ್ಲಿಸಿ ಅಳೆದಾಗ 50 ಕೆಜಿ ತಳ್ಳುಬಲ ತೋರಿಸುವ 80 ಸಿಸಿಯ ಎಂಜಿನ್ ಹಾರಾಟದಲ್ಲಿ ಅಷ್ಟು ಕೊಡುವುದಿಲ್ಲ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿರುವುದರಿಂದ, 30 ಡಿಗ್ರಿ ಬಿಸಿಲಿನಲ್ಲಿ ಇಲ್ಲಿಯ ಗಾಳಿಯ ಸಾಂದ್ರತೆ ಪ್ರಮಾಣಿತ ಸಮುದ್ರಮಟ್ಟದ ಗಾಳಿಗಿಂತ ಹತ್ತನೇ ಒಂದು ಭಾಗದಷ್ಟು ಕಡಿಮೆಯಿರುತ್ತದೆ. ಎಂಜಿನ್ನೂ ಸೊರಗುತ್ತದೆ, ಪ್ರೊಪೆಲರೂ ಸೊರಗುತ್ತದೆ. ಇವನ್ನೆಲ್ಲ ಕಳೆದು 36 ಕೆಜಿ ಉಳಿಯಿತೆಂದರೂ ಈ ವ್ಯಕ್ತಿ ಸೆಕೆಂಡಿಗೆ ಸುಮಾರು 2 ಮೀಟರ್ ಏರುತ್ತಾನೆ. ಅಷ್ಟು ಧಾರಾಳವಾಗಿ ಸಾಕು. ಅದೇ ಎಂಜಿನ್ನನ್ನು 95 ಕೆಜಿಯವರು ಕಟ್ಟಿಕೊಂಡರೆ ಏರಿಕೆ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಸುತ್ತಲೂ ಅಡಿಕೆ ತೋಟ, ವಿದ್ಯುತ್ ತಂತಿ ಇರುವ ಕಡೆ ಅದು ಸಾಲದು, ಅಂಥವರು ದೊಡ್ಡ ಎಂಜಿನ್ ನೋಡಲೇಬೇಕು. ತೆಳ್ಳಗಿರುವ ಹೊಸಬರಿಗೆ ಮಾತ್ರ ಸಣ್ಣ ಎಂಜಿನ್ನು ಬೆಲೆಯಲ್ಲಿ ಕಡಿಮೆ ಎಂಬುದಷ್ಟೇ ಅಲ್ಲ, ಸೌಮ್ಯವೂ ಹೌದು. ಪ್ರೊಪೆಲರ್ ಒಂದು ದಿಕ್ಕಿಗೆ ತಿರುಗುವಾಗ ಎಂಜಿನ್ ಚೌಕಟ್ಟನ್ನು, ಅದರೊಡನೆ ಮನುಷ್ಯನನ್ನು, ವಿರುದ್ಧ ದಿಕ್ಕಿಗೆ ತಿರುಚುತ್ತದೆ. ಹಗುರವಾದ ದೇಹಕ್ಕೆ ಅತಿಶಕ್ತಿಯ ಎಂಜಿನ್ ಕಟ್ಟಿ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಟ್ಟರೆ ಈ ತಿರುಚುವಿಕೆಯಿಂದ ರೈಸರ್‌ಗಳೇ ಹೆಣೆದುಕೊಳ್ಳುವ ಅಪಾಯವಿದೆ.

ಈಗ ಹಣದ ಮಾತು. ಯುರೋಪಿನ ಹೆಸರಾಂತ ತಯಾರಕರ ಹೊಸ ಎಂಜಿನ್ ಘಟಕದ ಬೆಲೆ ಸಾಮಾನ್ಯವಾಗಿ 5,000ದಿಂದ 9,000 ಯುರೋ, ಹೊಸ ರೆಕ್ಕೆ 2,500ರಿಂದ 4,000 ಯುರೋ, ರಿಸರ್ವ್ ಪ್ಯಾರಾಚೂಟ್ 500ರಿಂದ 900 ಯುರೋ. ಹೆಲ್ಮೆಟ್ ಮೊದಲಾದವು ಸೇರಿದರೆ ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಯ ಆಸುಪಾಸು. ಆಮದು ಸುಂಕ, ಸಾಗಣೆ ಬೇರೆ. ಎರಡೆಕರೆ ತೋಟ ನಂಬಿದವರಿಗಾಗಲಿ, ಸಂಬಳದವರಿಗಾಗಲಿ ಇದು ಒಂದೇ ಸಲಕ್ಕೆ ತೆಗೆದಿಡುವ ಮೊತ್ತವಲ್ಲ. ಆದರೆ ಒಂದೇ ಸಲಕ್ಕೆ ತೆಗೆದಿಡಬೇಕಾಗಿಯೂ ಇಲ್ಲ. ವಿದ್ಯೆ ಕಲಿಯುವ ಕ್ರಮವೇ ಖರ್ಚನ್ನು ಎರಡು ವರ್ಷಗಳಿಗೆ ಹಂಚುತ್ತದೆ.

ಮೊದಲ ಖರ್ಚು ತರಬೇತಿ. ಎಂಜಿನ್ ಇಲ್ಲದ ಪ್ಯಾರಾಗ್ಲೈಡಿಂಗಿನ ಪ್ರಾಥಮಿಕ ತರಬೇತಿಗೆ ನಮಗೆ ಹತ್ತಿರವಾದ, ಹೆಸರಾದ ಜಾಗ ಪುಣೆ ಸಮೀಪದ ಕಾಮ್‌ಶೇತ್. ಹಿಮಾಚಲದ ಬೀರ್ ಬಿಲ್ಲಿಂಗ್ ಇನ್ನೂ ಪ್ರಸಿದ್ಧ, ಆದರೆ ದೂರ. ಮೊದಲು ಎಂಜಿನ್ ಇಲ್ಲದೆ ಕಲಿಯುವುದು ಹಣದ ದೃಷ್ಟಿಯಿಂದಲೂ ಜೀವದ ದೃಷ್ಟಿಯಿಂದಲೂ ಒಳ್ಳೆಯದು, ಏಕೆಂದರೆ ಹಾರುವುದು ರೆಕ್ಕೆ, ಎಂಜಿನ್ ಅದನ್ನು ತಳ್ಳುತ್ತದೆ ಅಷ್ಟೆ. ಆ ಬಳಿಕ ಎಂಜಿನ್ನಿನ ತರಬೇತಿಗೆ ಹೋದವನಿಗೆ ಕಲಿಯಬೇಕಾದದ್ದು ಅರ್ಧಕ್ಕರ್ಧ ಕಡಿಮೆಯಾಗಿರುತ್ತದೆ. ಮೋಟರ್‌ಸೈಕಲ್ಲನ್ನು ಗೆಳೆಯನ ಹಿಂದೆ ಕುಳಿತು ನೋಡಿ ಕಲಿಯಬಹುದು. ಇಲ್ಲಿ ಅದು ಸಾಧ್ಯವಿಲ್ಲ. ಪ್ಯಾರಾಮೋಟರಿನಲ್ಲಿ ಶಿಷ್ಯ ಸಾಮಾನ್ಯವಾಗಿ ಮೊದಲ ಹಾರಾಟದಲ್ಲೇ ಒಬ್ಬಂಟಿ, ಗುರು ನೆಲದ ಮೇಲೆ ನಿಂತು ವಾಕಿಟಾಕಿಯಲ್ಲಿ ಹೇಳುತ್ತಿರುತ್ತಾನೆ. ಆದ್ದರಿಂದ ಕಾಲು ನೆಲ ಬಿಡುವ ಮೊದಲೇ ಕೈಗಳು ಪಳಗಿರಬೇಕು. ಶಾಲೆಯನ್ನು ಆರಿಸುವಾಗ ಎಷ್ಟು ದಿನದಲ್ಲಿ ಹಾರಿಸುತ್ತೀರಿ ಎಂದು ಕೇಳುವ ಬದಲು ನೆಲದ ಮೇಲೆ ಎಷ್ಟು ಗಂಟೆ ಅಭ್ಯಾಸ ಮಾಡಿಸುತ್ತೀರಿ, ಎಂಜಿನ್ ಆರಿಸಿ ಇಳಿಯುವುದನ್ನು ಎಷ್ಟು ಸಲ ಮಾಡಿಸುತ್ತೀರಿ ಎಂದು ಕೇಳಬೇಕು. ಎರಡು ದಿನದಲ್ಲಿ ಕಲಿಸಿಬಿಡುತ್ತೇವೆ ಎನ್ನುವವರಿಂದ ದೂರವಿರುವುದೇ ಕ್ಷೇಮ.

ನೆಲದ ಮೇಲಿನ ಅಭ್ಯಾಸವನ್ನು ಗ್ರೌಂಡ್ ಹ್ಯಾಂಡ್ಲಿಂಗ್ ಎನ್ನುತ್ತಾರೆ. ಇದೊಂದು ಮಾತ್ರ ಹೆಚ್ಚುಕಡಿಮೆ ಉಚಿತ, ಮತ್ತು ಮಲೆನಾಡಿನಲ್ಲಿ ಇದಕ್ಕೆ ಬೇಕಾದ ಜಾಗ ಸಿಗುತ್ತದೆ. ಮರಗಳಿಲ್ಲದ ವಿಶಾಲ ಬ್ಯಾಣ, ಊರಿನ ಆಟದ ಮೈದಾನ, ಕೊಯ್ಲು ಮುಗಿದ ಗದ್ದೆ, ಯಾವುದಾದರೂ ಆದೀತು, ಅದರ ಒಡೆಯರನ್ನೋ ಪಂಚಾಯಿತಿಯನ್ನೋ ಮೊದಲೇ ಕೇಳಿರಬೇಕು. ಗದ್ದೆಯಾದರೆ ಒಂದು ಎಚ್ಚರಿಕೆ: ಭತ್ತದ ಕೂಳೆ ಒಣಗಿ ಗಟ್ಟಿಯಾದ ಮೇಲೆ ರೆಕ್ಕೆಯ ದಾರಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಅದನ್ನು ಗಮನಿಸದೆ ಎಳೆದರೆ ದಾರದ ಹೊರಕವಚ ಸೀಳುತ್ತದೆ. ಆದ್ದರಿಂದ ಅಂಚಿನ ಹುಲ್ಲು ಜಾಗವನ್ನೋ, ದನ ಮೇಯ್ದು ಸಮನಾದ ಗೋಮಾಳವನ್ನೋ ಆರಿಸಿಕೊಳ್ಳುವುದು ಉತ್ತಮ. ಗಂಟೆಗೆ 10ರಿಂದ 15 ಕಿಲೋಮೀಟರಿನ ನಯವಾದ ಗಾಳಿಯಲ್ಲಿ ರೆಕ್ಕೆಗೆ ಮುಖಮಾಡಿ ನಿಂತು, ಮುಂದಿನ ರೈಸರ್‌ಗಳನ್ನು ಹಗುರವಾಗಿ ಎತ್ತಿದರೆ ಅದು ಸದ್ದು ಮಾಡುತ್ತ ಗಾಳಿ ತುಂಬಿಕೊಂಡು ತಲೆಯ ಮೇಲಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಅದು ಎಡಕ್ಕೆ ವಾಲಿದರೆ ಎಡಕ್ಕೇ ನಡೆದು ಅದರ ಕೆಳಗೆ ಹೋಗಿ ನಿಲ್ಲಬೇಕು, ಬಲದ ಬ್ರೇಕನ್ನು ತುಸು ಎಳೆಯಬೇಕು, ಮುಂದಕ್ಕೆ ನುಗ್ಗಿದರೆ ಎರಡೂ ಬ್ರೇಕ್ ಹಿಡಿಯಬೇಕು. ಮೊದಮೊದಲು ಕಣ್ಣಿನಿಂದ ನೋಡಿ ಮಾಡುವ ಈ ಕೆಲಸ, ದಿನ ಕಳೆದಂತೆ ಸೊಂಟದಲ್ಲಿ ಅರಿವಾಗುವ ಎಳೆತದಿಂದಲೇ ನಡೆಯತೊಡಗುತ್ತದೆ. ನೋಡದೆಯೇ ರೆಕ್ಕೆಯನ್ನು ತಲೆಯ ಮೇಲೆ ಐದು ನಿಮಿಷ ನಿಲ್ಲಿಸಬಲ್ಲವರು ಎಂಜಿನ್ ಕಟ್ಟಿಕೊಂಡ ದಿನ ಎಡವುವುದು ಕಡಿಮೆ. ಹೊಸಬರು ಮುರಿಯುವ ಪ್ರೊಪೆಲರ್, ಬಗ್ಗಿಸುವ ಕೇಜ್ ಬಹುಪಾಲು ಏರುವಾಗಿನ ಎಡವಟ್ಟುಗಳಿಂದಲೇ. ಒಂದೊಂದು ಎಡವಟ್ಟಿಗೂ ಹತ್ತಾರು ಸಾವಿರ ರೂಪಾಯಿ ಬೀಳಬಹುದು. ನೆಲದ ಮೇಲಿನ ಅಭ್ಯಾಸಕ್ಕೂ ಹೆಲ್ಮೆಟ್ ಕಡ್ಡಾಯ, ಗಾಳಿ ಹೆಚ್ಚಾದರೆ ರೆಕ್ಕೆ ಮನುಷ್ಯನನ್ನು ಎಳೆದೊಯ್ಯಬಲ್ಲದು.

ಅಭ್ಯಾಸಕ್ಕೆ ಹಾರಲು ಯೋಗ್ಯವಲ್ಲದ ಹಳೆಯ ರೆಕ್ಕೆಯೂ ನಡೆಯುತ್ತದೆ, ಅದು ಬಹಳ ಅಗ್ಗಕ್ಕೆ ಸಿಗುತ್ತದೆ. ಆದರೆ ಹಾರುವ ರೆಕ್ಕೆಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇಲ್ಲಿ ಹೇಳುವುದನ್ನು ಎರಡು ಸಲ ಓದಿಕೊಳ್ಳಬೇಕೆಂದು ವಿನಂತಿ. ಯುರೋಪಿನ ಪ್ರಮಾಣೀಕರಣದಲ್ಲಿ ರೆಕ್ಕೆಗಳಿಗೆ ಎ, ಬಿ, ಸಿ, ಡಿ ಎಂಬ ದರ್ಜೆಗಳಿವೆ. ಎ ದರ್ಜೆಯದು ತಪ್ಪನ್ನು ಕ್ಷಮಿಸುವ ರೆಕ್ಕೆ, ಹೊಸಬರಿಗೆ ಅದೇ ತಕ್ಕದ್ದು. ರೆಕ್ಕೆಯ ಮೇಲೆ ಹೊಲಿದ ಚೀಟಿಯಲ್ಲಿ ತೂಕದ ಮಿತಿ ಬರೆದಿರುತ್ತದೆ. ಅಲ್ಲಿ ಹೇಳಿದ್ದು ಮೈತೂಕ ಅಲ್ಲ, ಎಂಜಿನ್ ಪೆಟ್ರೋಲ್ ಎಲ್ಲ ಸೇರಿದ ಒಟ್ಟು ತೂಕವೇ ಎಂದು ಕೈಪಿಡಿಯಲ್ಲಿ ಖಚಿತ ಮಾಡಿಕೊಂಡು, ಮೇಲೆ ಲೆಕ್ಕ ಹಾಕಿದ 105 ಕೆಜಿ ಆ ಮಿತಿಯೊಳಗೆ ಬರುತ್ತದೆಯೇ ಎಂದು ನೋಡಬೇಕು. ಇನ್ನು ಬಟ್ಟೆಯ ಸ್ಥಿತಿ. ಸೂರ್ಯನ ಅತಿನೇರಳೆ ಕಿರಣ ನೈಲಾನನ್ನು ದಿನದಿನಕ್ಕೆ ಸವೆಸುತ್ತದೆ, ಬಟ್ಟೆಯ ಮೇಲಿನ ಲೇಪ ಹೋದರೆ ಗಾಳಿ ಸೋರುತ್ತದೆ, ಸೋರುವ ರೆಕ್ಕೆ ಏರಲು ಒಲ್ಲದು ಮತ್ತು ನಿಧಾನ ವೇಗದಲ್ಲಿ ಹಾರುವುದನ್ನೇ ನಿಲ್ಲಿಸಿ ನೇರ ಕೆಳಗಿಳಿಯಬಹುದು. ರೆಕ್ಕೆಯನ್ನು ಜಗಲಿಯ ಮೇಲೆ ಹಾಸಿ, ಮುಂಭಾಗದ ಮಧ್ಯದ ಗೂಡುಗಳ ಮೇಲ್ಪದರವನ್ನು ತುಟಿಗೆ ಒತ್ತಿ ಊದಿದರೆ ಒರಟು ಅಂದಾಜು ಸಿಗುತ್ತದೆ: ಗಾಳಿ ಸುಲಭವಾಗಿ ದಾಟಿತೆಂದರೆ ಆ ರೆಕ್ಕೆಯನ್ನು ಅಲ್ಲಿಯೇ ಮಡಿಸಿಟ್ಟು ಬರಬೇಕು. ದಾಟಲಿಲ್ಲವೆಂದ ಮಾತ್ರಕ್ಕೆ ಕೊಳ್ಳಬಹುದು ಎಂದಲ್ಲ. ಗಾಳಿ ಸೋರುವ ಪ್ರಮಾಣವನ್ನು ಉಪಕರಣದಿಂದ ಅಳೆದು, ಬಟ್ಟೆ ಹರಿಯುವ ಬಲವನ್ನು ಪರೀಕ್ಷಿಸಿ, ದಾರಗಳ ಉದ್ದವನ್ನು ತಯಾರಕರ ಪಟ್ಟಿಯೊಡನೆ ಹೋಲಿಸಿ ವರದಿ ಕೊಡುವ ತಪಾಸಣೆಗೆ ಕಳಿಸಬೇಕು.

ದಾರಗಳ ಉದ್ದ ಏಕೆ ಮುಖ್ಯ ಎಂಬುದು ಮಲೆನಾಡಿನವರಿಗೆ ವಿಶೇಷವಾಗಿ ತಿಳಿದಿರಬೇಕು. ರೆಕ್ಕೆಯ ಮುಂದಿನ ಸಾಲಿನ ದಾರಗಳ ಮೇಲೆ ಭಾರ ಹೆಚ್ಚು, ಹಿಂದಿನ ಸಾಲಿನ ಮೇಲೆ ಕಡಿಮೆ. ಕಾಲಕ್ರಮದಲ್ಲಿ ಮುಂದಿನವು ತುಸು ಹಿಗ್ಗುತ್ತವೆ. ಹಿಂದಿನವು, ವಿಶೇಷವಾಗಿ ಡೈನೀಮಾ ಎಂಬ ನೂಲಿನವು, ತೇವ ತಗುಲಿದರೆ ಕುಗ್ಗುತ್ತವೆ. ವ್ಯತ್ಯಾಸ ಒಂದೆರಡು ಸೆಂಟಿಮೀಟರ್ ಮಾತ್ರ ಇರಬಹುದು, ಆದರೆ ಅಷ್ಟರಿಂದಲೇ ರೆಕ್ಕೆಯ ಹಿಂಭಾಗ ಕೆಳಗೆ ಎಳೆದಂತಾಗಿ, ಸದಾ ಬ್ರೇಕ್ ಹಿಡಿದುಕೊಂಡೇ ಹಾರುವ ಸ್ಥಿತಿಗೆ ಅದು ಬರುತ್ತದೆ. ಹೊಸನಗರ, ತೀರ್ಥಹಳ್ಳಿಯ ಕಡೆ ಮಳೆಗಾಲದಲ್ಲಿ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವುದನ್ನು ಎಲ್ಲರೂ ಕಂಡಿದ್ದೇವೆ. ಆ ಹವೆಯಲ್ಲಿ ರೆಕ್ಕೆಯನ್ನು ಇಬ್ಬನಿ ಒರೆಸದೆ ಮಡಿಸಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಆಯುಷ್ಯವೂ ಮುಗಿದಿರಬಹುದು. ನೆರಳಿನಲ್ಲಿ ಪೂರ್ತಿ ಒಣಗಿಸಿ, ಸಡಿಲವಾಗಿ ಮಡಿಸಿ, ಬೆಚ್ಚಗಿನ ಒಣ ಕೋಣೆಯಲ್ಲಿ ಇಡಬೇಕು. ಅಟ್ಟದಲ್ಲಿಟ್ಟರೆ ಇಲಿಯ ಕಾಟವಿದೆ, ಹೊಗೆಯಿರುವ ಕಡೆ ಇಡಲೇಬಾರದು.

ರಿಸರ್ವ್ ಪ್ಯಾರಾಚೂಟಿನಲ್ಲಿ ಉಳಿತಾಯ ಬೇಡ. ಅದನ್ನು ವರ್ಷಕ್ಕೊಮ್ಮೆಯಾದರೂ, ಇಲ್ಲಿಯ ತೇವಕ್ಕೆ ಆರು ತಿಂಗಳಿಗೊಮ್ಮೆ, ಬಲ್ಲವರಿಂದ ಬಿಚ್ಚಿಸಿ ಒಣಗಿಸಿ ಮತ್ತೆ ಮಡಿಸಬೇಕು.

ಇಷ್ಟಾದ ಮೇಲೆ ಎಂಜಿನ್. ಉಳಿಸಲು ಅವಕಾಶವಿರುವುದು ಇಲ್ಲಿಯೇ. ಬಳಸಿದ ಎಂಜಿನ್ ಹೊಸದರ ಅರ್ಧ ಬೆಲೆಗೆ ಸಿಗಬಹುದು, ಮತ್ತು ಎಂಜಿನ್ ಕೈಕೊಟ್ಟರೂ ರೆಕ್ಕೆ ಹಾರುತ್ತಲೇ ಇರುತ್ತದೆ. ಬೆಲ್ಟ್ ಮೂಲಕ ಪ್ರೊಪೆಲರ್ ತಿರುಗಿಸುವ, ಬಿಡಿಭಾಗಗಳು ಸುಲಭವಾಗಿ ಸಿಗುವ, ಬಹಳ ಜನ ಬಳಸುತ್ತಿರುವ ಮಾದರಿಯನ್ನೇ ಹಿಡಿಯಬೇಕು. ಅಪರೂಪದ ಎಂಜಿನ್ ಎಷ್ಟೇ ಅಗ್ಗವಾದರೂ ಒಂದು ಸಣ್ಣ ಗ್ಯಾಸ್ಕೆಟ್ ಸಿಗದೆ ಇಡೀ ಹಂಗಾಮು ಮೂಲೆ ಸೇರುತ್ತದೆ. ಪ್ರೊಪೆಲರ್ ಮರದ್ದಾಗಿರಲಿ, ಕಾರ್ಬನ್ನಿನದು ಹಗುರವಾದರೂ ಮುರಿದಾಗ ಕೈ ಸುಡುತ್ತದೆ. ಮಲೆನಾಡಿನವರಿಗೆ ಇಲ್ಲೊಂದು ಅನುಕೂಲವಿದೆ. ಅಡಿಕೆ ತೋಟಗಳ ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಚೈನ್‌ಸಾ ಇವೆಲ್ಲ ಬಹುಪಾಲು ಟೂ ಸ್ಟ್ರೋಕ್, ಅವುಗಳ ಕಾರ್ಬುರೇಟರಿನೊಳಗೂ ಪ್ಯಾರಾಮೋಟರಿನಲ್ಲಿರುವಂಥ ರಬ್ಬರಿನ ತೆಳು ಪೊರೆಯೇ ಪೆಟ್ರೋಲನ್ನು ಅಳೆದು ಬಿಡುತ್ತದೆ. ಆ ಯಂತ್ರಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿದ ಮೆಕ್ಯಾನಿಕ್‌ಗಳು ಸಾಗರದಲ್ಲೂ ತೀರ್ಥಹಳ್ಳಿಯಲ್ಲೂ ಸಿಗುತ್ತಾರೆ. ತಯಾರಕರ ಕೈಪಿಡಿಯನ್ನು ಮುಂದಿಟ್ಟುಕೊಂಡು ಅವರ ಪಕ್ಕದಲ್ಲಿ ಕುಳಿತು ಕಲಿತರೆ ನಿರ್ವಹಣೆಯ ಖರ್ಚು ಬಹಳಷ್ಟು ಇಳಿಯುತ್ತದೆ.

ಪೆಟ್ರೋಲಿನ ಖರ್ಚು ಅಷ್ಟೇನೂ ಇಲ್ಲ. ಗಂಟೆಗೆ 3ರಿಂದ 5 ಲೀಟರ್ ಉರಿಯುತ್ತದೆ, ಅದಕ್ಕೆ ಲೀಟರಿಗೆ ಸುಮಾರು 20 ಮಿಲಿಲೀಟರಿನಂತೆ, ತಯಾರಕರು ಹೇಳಿದ ಪ್ರಮಾಣದಲ್ಲಿ, ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು. ಆಯಿಲ್ ಬೆರೆಸಲು ಮರೆತರೆ ಎಂಜಿನ್ ಕೆಲವೇ ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ. ಈಗ ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಇನ್ನೊಂದು ಜಾಗ್ರತೆ ಬೇಕು: ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕಾರ್ಬುರೇಟರಿನ ಪೊರೆಯನ್ನೂ ಪೆಟ್ರೋಲ್ ಕೊಳವೆಯನ್ನೂ ಬೇಗ ಗಡುಸಾಗಿಸುತ್ತದೆ. ಹಾರಿ ಬಂದ ದಿನವೇ ಟ್ಯಾಂಕ್ ಖಾಲಿ ಮಾಡುವುದು, ವಾರಗಟ್ಟಲೆ ಹಳೆಯದಾದ ಮಿಶ್ರಣವನ್ನು ಬಳಸದಿರುವುದು, ಪೊರೆಯನ್ನು ಹಂಗಾಮಿನ ಆರಂಭದಲ್ಲಿ ಬದಲಿಸುವುದು, ಈ ಮೂರನ್ನು ರೂಢಿಸಿಕೊಂಡರೆ ಸಾಕು.

ಹಣ ಉಳಿಸುವ ಹುಮ್ಮಸ್ಸಿನಲ್ಲಿ ಹಳೆಯ ಆರ್‌ಎಕ್ಸ್ 100 ಬೈಕಿನ ಎಂಜಿನ್ ಬಿಚ್ಚಿ, ವೆಲ್ಡಿಂಗ್ ಶಾಪಿನಲ್ಲಿ ಚೌಕಟ್ಟು ಮಾಡಿಸಿ ಬೆನ್ನಿಗೆ ಕಟ್ಟಿಕೊಳ್ಳುವ ಯೋಚನೆ ನಮ್ಮ ಹುಡುಗರಿಗೆ ಬರುತ್ತದೆ. ಆ ಜಾಣತನವನ್ನು ನಾನು ಗೌರವಿಸುತ್ತೇನೆ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಗೇರ್‌ಬಾಕ್ಸ್ ಸಮೇತದ ಬೈಕ್ ಎಂಜಿನ್ ಬೆನ್ನಿಗೆ ತೀರ ಭಾರ. ಅದು ದೀರ್ಘಕಾಲ ಪೂರ್ಣ ಶಕ್ತಿಯಲ್ಲಿ ಓಡಲೆಂದು ಮಾಡಿದ್ದಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ರೆಕ್ಕೆಯ ಎಳೆತ, ಎಂಜಿನ್ನಿನ ತಳ್ಳುವಿಕೆ ಮತ್ತು ದೇಹದ ಭಾರ ಮೂರೂ ಸೇರುವ ಬಿಂದುಗಳು ಚೌಕಟ್ಟಿನಲ್ಲಿ ಒಂದಿಷ್ಟು ತಪ್ಪಿದರೂ ಹಾರಾಟದ ಸಮತೋಲ ಕೆಡುತ್ತದೆ. ಬೆಸುಗೆ ಬಿಟ್ಟ ಚೌಕಟ್ಟಿನಿಂದ ಹೊರಗೆ ಹಾರಿದ ಪ್ರೊಪೆಲರ್ ತುಂಡು ತಲೆಯಿಂದ ಗೇಣಿನ ದೂರದಲ್ಲಿರುತ್ತದೆ. ಕೊಂಡ ಎಂಜಿನ್ನಿನಲ್ಲೂ ದೊಡ್ಡ ಗಾಯಗಳು ಬಹಳವಾಗಿ ಆಗುವುದು ನೆಲದ ಮೇಲೆ, ಸ್ಟಾರ್ಟ್ ಮಾಡುವಾಗ: ಥ್ರಾಟಲ್ ಸಿಕ್ಕಿಹಾಕಿಕೊಂಡ ಎಂಜಿನ್ ಒಮ್ಮೆಲೇ ಮುನ್ನುಗ್ಗಿ, ತಡೆಯಲು ಚಾಚಿದ ಕೈ ಬಲೆಯನ್ನು ದಾಟಿ ಪ್ರೊಪೆಲರಿಗೆ ಸಿಗುತ್ತದೆ. ಒಂದೇ ಕೈಯಲ್ಲಿ ಹಿಡಿದು ಸ್ಟಾರ್ಟ್ ಮಾಡುವ ಅಭ್ಯಾಸವನ್ನು ಯಾರೂ ಮಾಡಿಕೊಳ್ಳಬಾರದು.

ಇಬ್ಬರು ಗೆಳೆಯರು ಸೇರಿ ಒಂದು ಎಂಜಿನ್ ಕೊಳ್ಳುವುದು ಒಳ್ಳೆಯ ಉಪಾಯ, ಇಬ್ಬರ ತೂಕವೂ ಹತ್ತಿರಹತ್ತಿರ ಇರಬೇಕು ಅಷ್ಟೆ. ಒಬ್ಬರು ಹಾರುವಾಗ ಇನ್ನೊಬ್ಬರು ನೆಲದಲ್ಲಿದ್ದು ಗಾಳಿ ನೋಡುತ್ತಾರೆ, ಅದೂ ಒಂದು ಲಾಭ. ರೆಕ್ಕೆ ಮಾತ್ರ ಅವರವರದ್ದೇ ಇದ್ದರೆ ಒಳ್ಳೆಯದು.

ಎಲ್ಲಿ, ಯಾವಾಗ ಹಾರಬೇಕು ಎಂಬ ವಿಷಯದಲ್ಲಿ ಮಲೆನಾಡು ಉದಾರವೂ ಹೌದು, ನಿರ್ದಾಕ್ಷಿಣ್ಯವೂ ಹೌದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾರಾಟದ ಮಾತೇ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡಿದು. ಅಕ್ಟೋಬರಿನಲ್ಲಿ ಮಧ್ಯಾಹ್ನದ ಗುಡುಗು ಇನ್ನೂ ಇರುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಬೆಳಗುಗಳೇ ಹೊಸಬರ ಕಾಲ. ಸೂರ್ಯ ಹುಟ್ಟಿದ ಮೊದಲೆರಡು ಗಂಟೆ ಗಾಳಿ ಹಾಲಿನಂತೆ ನಿಶ್ಚಲವಾಗಿರುತ್ತದೆ. ಆ ಹೊತ್ತಿಗೆ ಊರಿನ ಬಚ್ಚಲೊಲೆಗಳ ಹೊಗೆಯನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಹೊಗೆ ನೇರ ಮೇಲೇರಿ, ಅಡಿಕೆ ಮರಗಳ ತಲೆಗಿಂತ ತುಸು ಮೇಲೆ ಚಪ್ಪಟೆಯಾಗಿ ಹರಡಿ ನಿಂತಿದ್ದರೆ ಕೆಳಗಿನ ತಣ್ಣನೆಯ ಗಾಳಿಯ ಪದರ ಇನ್ನೂ ಕದಲಿಲ್ಲ ಎಂದರ್ಥ. ಆದರೆ ಆ ಪದರದ ಮೇಲೆ ಜೋರು ಗಾಳಿ ಬೀಸುತ್ತಿರಬಹುದು, ನೆಲದಲ್ಲಿ ನಿಂತವರಿಗೆ ಅದು ಗೊತ್ತಾಗದು. ಹವಾಮಾನ ಮುನ್ಸೂಚನೆಯಲ್ಲಿ ನೆಲದ ಗಾಳಿಯ ಜೊತೆಗೆ 300, 500 ಮೀಟರ್ ಎತ್ತರದ ಗಾಳಿಯನ್ನೂ ನೋಡಬೇಕಾದದ್ದು ಈ ಕಾರಣಕ್ಕೆ. ಹೊಗೆ ಒಡೆದು ಅತ್ತಿತ್ತ ಎಳೆದಾಡತೊಡಗಿತೆಂದರೆ ಬಿಸಿಲಿಗೆ ಕಾದ ಗಾಳಿ ಏಳಲು ಶುರುವಾಗಿದೆ, ಹೊಸಬರು ಇಳಿದಿರಬೇಕಾದ ಹೊತ್ತು ಅದು. ಕಣಿವೆಯಲ್ಲಿ ಮಂಜು ತುಂಬಿದ್ದರೆ ಅದು ಪೂರ್ತಿ ಕರಗುವವರೆಗೆ ಕಾಯಬೇಕು. ಮಂಜಿನ ಮೇಲೆ ಹಾರುವುದು ಚಿತ್ರದಲ್ಲಿ ಚಂದ, ಎಂಜಿನ್ ಆರಿದರೆ ಕೆಳಗೇನಿದೆ ಎಂದು ಕಾಣುವುದಿಲ್ಲ.

ಕೊಡಚಾದ್ರಿ, ಆಗುಂಬೆಯಂಥ ಘಟ್ಟದ ಅಂಚು ಎಲ್ಲರನ್ನೂ ಸೆಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕರಾವಳಿಯಿಂದ ಬರುವ ಗಾಳಿ ಘಟ್ಟವನ್ನು ಹತ್ತಿ ಇಳಿಯುವಾಗ, ಶಿಖರದ ಹಿಂಬದಿಯಲ್ಲಿ ಹೊಳೆಯ ಬಂಡೆಯ ಹಿಂದೆ ನೀರು ಸುಳಿ ತಿರುಗುವಂತೆ ತಿರುಗುತ್ತದೆ. ಆ ಸುಳಿಗೆ ಸಿಕ್ಕ ಬಟ್ಟೆಯ ರೆಕ್ಕೆ ಮುದುಡಬಹುದು. ಕಲಿಯುವವರು ಗುಡ್ಡಗಳಿಂದ ದೂರ, ಶಿಕಾರಿಪುರದ ಕಡೆಯ, ಸೊರಬದ ಪೂರ್ವದ ಅರೆಮಲೆನಾಡಿನ ಬಯಲನ್ನು ಹುಡುಕುವುದು ಲೇಸು. ಎಲ್ಲಿ ಹಾರಿದರೂ ಟೂ ಸ್ಟ್ರೋಕ್ ಎಂಜಿನ್ ಯಾವ ಕ್ಷಣದಲ್ಲಾದರೂ ಆರುತ್ತದೆ ಎಂದು ನಂಬಿಯೇ ಹಾರಬೇಕು. 150 ಮೀಟರ್ ಎತ್ತರದಲ್ಲಿ ಆರಿದರೆ ಗಾಳಿಯಿಲ್ಲದ ಹೊತ್ತಿನಲ್ಲಿ 900 ಮೀಟರ್ ದೂರ ತೇಲಿಹೋಗಬಹುದು. ತಿರುಗಲು, ಎದುರುಗಾಳಿಗೆ, ಗಾಬರಿಗೆ ಅರ್ಧ ಕಳೆದು 450 ಮೀಟರಿನೊಳಗೆ ಒಂದು ಬಯಲು ಯಾವಾಗಲೂ ಕಣ್ಣಿನಲ್ಲಿರಬೇಕು. ಅಡಿಕೆ ತೋಟ ಬಯಲಲ್ಲ: ಮೇಲಿನಿಂದ ಹಸಿರು ಹಾಸಿನಂತೆ ಕಂಡರೂ ಅದು ಐವತ್ತು ಅರವತ್ತು ಅಡಿ ಎತ್ತರದ ತೆಳು ಕಂಬಗಳ ಸಾಲು. ಶರಾವತಿ ಹಿನ್ನೀರು ಇಳಿದಾಗ ತೆರೆದುಕೊಳ್ಳುವ ವಿಶಾಲ ಹುಲ್ಲುಗಾವಲು ಇಳಿಯಲು ಅತ್ಯುತ್ತಮ ಎನಿಸುತ್ತದೆ, ಆದರೆ ಪಕ್ಕದಲ್ಲೇ ನೀರಿದೆ. 25 ಕೆಜಿಯ ಎಂಜಿನ್ ಬೆನ್ನಿಗೆ ಕಟ್ಟಿಕೊಂಡು ನೀರಿಗೆ ಬಿದ್ದವರು, ಈಜು ಬಲ್ಲವರೂ, ಪಟ್ಟಿ ಬಿಚ್ಚಿಕೊಳ್ಳುವಷ್ಟರಲ್ಲಿ ಮುಳುಗಿದ್ದಾರೆ. ನೀರಿಗೆ ಬಿದ್ದೊಡನೆ ತಾನಾಗಿ ಗಾಳಿ ತುಂಬಿಕೊಳ್ಳುವ ತೇಲುಚೀಲಗಳಿವೆ. ಅದಿಲ್ಲದೆ ಲಿಂಗನಮಕ್ಕಿ, ಗಾಜನೂರು, ಭದ್ರಾ ಜಲಾಶಯಗಳ ಹತ್ತಿರಕ್ಕೂ ಹೋಗಬಾರದು.

ಕಾನೂನಿನ ಬಗ್ಗೆ ಕೆಲವು ಮಾತು ಹೇಳಲೇಬೇಕು. ತೂಕ ಕಡಿಮೆಯೆಂದು ಪ್ಯಾರಾಮೋಟರ್ ಆಟಿಕೆಯಾಗುವುದಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ವಾಯು ಕ್ರೀಡಾ ನೀತಿಯಲ್ಲಿ ಪ್ಯಾರಾಗ್ಲೈಡಿಂಗ್ ಜೊತೆಗೆ ಪ್ಯಾರಾಮೋಟರಿಂಗನ್ನೂ ಸೇರಿಸಲಾಗಿದೆ, ಇಂಥ ಎಲ್ಲ ಕ್ರೀಡೆಗಳ ಮೇಲೆ ಏರ್ ಸ್ಪೋರ್ಟ್ಸ್ ಫೆಡರೇಷನ್ ಆಫ್ ಇಂಡಿಯಾ ಎಂಬ ಅತ್ಯುನ್ನತ ಸಂಸ್ಥೆಯನ್ನು ಅದು ಸೂಚಿಸಿದೆ. ಎಂಜಿನ್ ಕೊಳ್ಳುವ ಮೊದಲೇ ನೋಂದಣಿ, ಅನುಮತಿಗಳ ಈಗಿನ ಅಗತ್ಯಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಿಂದಲೂ ತರಬೇತಿ ಶಾಲೆಯಿಂದಲೂ ತಿಳಿದುಕೊಂಡು, ಜಿಲ್ಲಾಡಳಿತಕ್ಕೂ ಸ್ಥಳೀಯ ಪೊಲೀಸ್ ಠಾಣೆಗೂ ಬರಹದಲ್ಲಿ ತಿಳಿಸಬೇಕು. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ಆಗಸ್ಟ್ 31ರಿಂದ ಪ್ರಯಾಣಿಕ ವಿಮಾನಗಳು ಬರತೊಡಗಿದ ಮೇಲೆ ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಆಕಾಶ ಹಿಂದಿನಂತೆ ಖಾಲಿಯಲ್ಲ. ಡ್ರೋನ್‌ಗಳಿಗಾಗಿ ಸರ್ಕಾರ ಡಿಜಿಟಲ್ ಸ್ಕೈ ತಾಣದಲ್ಲಿ ಇಟ್ಟಿರುವ ನಕ್ಷೆ ಪ್ಯಾರಾಮೋಟರಿಗೆ ಅನುಮತಿಯಲ್ಲ, ಆದರೂ ನಿಲ್ದಾಣದ ಸುತ್ತಲಿನ ವಲಯ ಎಲ್ಲಿಯವರೆಗೆ ಚಾಚಿದೆ ಎಂಬುದನ್ನು ಅದರಲ್ಲಿ ನೋಡಬಹುದು. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಶೆಟ್ಟಿಹಳ್ಳಿ ಮತ್ತು ಶರಾವತಿ ಕಣಿವೆಯ ಅಭಯಾರಣ್ಯ, ಗುಡವಿ ಮತ್ತು ಮಂಡಗದ್ದೆಯ ಪಕ್ಷಿಧಾಮಗಳ ಮೇಲೆ ಹಾರಲೇಬಾರದು. ಸಕ್ರೆಬೈಲಿನ ಆನೆಗಳ ತಲೆಯ ಮೇಲೆ ಟೂ ಸ್ಟ್ರೋಕ್ ಎಂಜಿನ್ ಕಿರುಚಿದರೆ ಏನಾದೀತು ಎಂದು ವಿವರಿಸಬೇಕಾಗಿಲ್ಲ. ಜೀವವಿಮೆ, ಆರೋಗ್ಯವಿಮೆಯ ಪಾಲಿಸಿಗಳಲ್ಲಿ ಸಾಹಸಕ್ರೀಡೆಯ ಅಪಘಾತವನ್ನು ಹೊರಗಿಟ್ಟಿರುವುದು ಸಾಮಾನ್ಯ, ಅದನ್ನೂ ಓದಿಕೊಂಡಿರಬೇಕು.

ಹೀಗೆ ನೋಡಿದರೆ ಈ ಚಳಿಗಾಲದಲ್ಲಿ ಆರಂಭಿಸುವವರ ಖರ್ಚು ಪ್ಯಾರಾಗ್ಲೈಡಿಂಗ್ ತರಬೇತಿ, ಒಳ್ಳೆಯ ಹೆಲ್ಮೆಟ್ ಮತ್ತು ಅಭ್ಯಾಸದ ಹಳೆಯ ರೆಕ್ಕೆ, ಇಷ್ಟಕ್ಕೇ ನಿಲ್ಲುತ್ತದೆ. ಬೇಸಿಗೆಯ ಸಂಜೆಗಳಲ್ಲಿ, ಗುಡುಗಿನ ಮೋಡ ಕಾಣದ ದಿನ, ಬ್ಯಾಣದಲ್ಲಿ ನೆಲದ ಅಭ್ಯಾಸ. ಮಳೆಗಾಲದಲ್ಲಿ ಹವಾಮಾನದ ಓದು, ಮೆಕ್ಯಾನಿಕ್ ಬಳಿ ಎಂಜಿನ್ ಕಲಿಕೆ, ಸೆಕೆಂಡ್ ಹ್ಯಾಂಡ್ ರೆಕ್ಕೆಯ ಹುಡುಕಾಟ ಮತ್ತು ತಪಾಸಣೆ. ಅಷ್ಟು ಹೊತ್ತಿಗೆ ಆಸಕ್ತಿ ಉಳಿದಿದೆಯೇ ಇಲ್ಲವೇ ಎಂಬುದೂ ಗೊತ್ತಾಗಿರುತ್ತದೆ. ಉಳಿದಿಲ್ಲವೆಂದರೆ ಕಳೆದುಕೊಂಡದ್ದು ಸ್ವಲ್ಪವೇ. ಉಳಿದಿದ್ದರೆ ಮುಂದಿನ ನವೆಂಬರಿನಲ್ಲಿ, ಎಂಜಿನ್ನಿನ ತರಬೇತಿಯನ್ನು ಶಾಲೆಯ ಯಂತ್ರದಲ್ಲೇ ಮುಗಿಸಿ, ಯಾವ ತೂಕಕ್ಕೆ ಯಾವ ಎಂಜಿನ್ ಎಂಬುದನ್ನು ಮೈಯಲ್ಲೇ ಅರಿತ ಮೇಲೆ, ಸ್ವಂತ ಎಂಜಿನ್ನಿಗೆ ಮುಂಗಡ ಕೊಡಬಹುದು.